ಹಿತ್ತಾಳೆ ತಟ್ಟೆಯಲ್ಲಿಟ್ಟ ಬಾಡಿಗೆ

ಕೆಟ್ಟವರ ಮೇಲೆ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಅವರ ಜೊತೆ ಹೇಗೆ ಮಾತಾಡಬೇಕೆಂದು ಗೊತ್ತಿದೆ. ಇಪ್ಪತ್ತು ವರ್ಷದಿಂದ ರಸ್ತೆಯಲ್ಲಿ ಗಾಡಿ ಇಟ್ಟುಕೊಂಡವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಮೈ ಉರಿಯುವುದು ಒಳ್ಳೆಯವರ ಮೇಲೆ. ನಗುನಗುತ್ತಾ ಮಾತಾಡಿಸಿ, ಕಾಫಿ ಕೊಟ್ಟು, ಮಗಳಿದ್ದ ಹಾಗೆ ಎಂದು ಹೇಳಿ, ಕೊನೆಗೆ ನಮ್ಮ ಕುತ್ತಿಗೆಗೇ ತರುತ್ತಾರಲ್ಲ, ಅವರ ಮೇಲೆ.

ನಾನು ಸರಸಮ್ಮ. ಮಧುಗಿರಿಯಲ್ಲಿ ಸರ್ಕಾರಿ ಆಫೀಸುಗಳ ಎದುರು, ಹೊಂಗೆ ಮರದ ಕೆಳಗೆ ನನ್ನ ತಟ್ಟೆ ಇಡ್ಲಿ ಗಾಡಿ. ಶಿರಾ, ಕೊರಟಗೆರೆ, ಪಾವಗಡದಿಂದ ಮೊದಲ ಬಸ್ಸಿಗೆ ಬಂದವರು ಆಫೀಸಿನ ಬಾಗಿಲು ತೆಗೆಯುವವರೆಗೆ ನನ್ನ ಹತ್ತಿರವೇ ಕಾಯುತ್ತಾರೆ. ಕಾಯುವಾಗ ಕೈಯಲ್ಲಿರುವ ಕಾಗದ ತೋರಿಸುತ್ತಾರೆ. ನಾನು ಹತ್ತನೇ ಕ್ಲಾಸು ಪಾಸಾದವಳು. ಯಾವ ಅರ್ಜಿಗೆ ಯಾವ ಜೆರಾಕ್ಸ್ ಹಚ್ಚಬೇಕು, ಯಾವ ಮೇಜಿಗೆ ಹೋಗಬೇಕು, ಯಾವ ಗುಮಾಸ್ತ ಊಟಕ್ಕೆ ಎದ್ದರೆ ಮೂರು ಗಂಟೆಗೆ ಬರುತ್ತಾನೆ, ಎಲ್ಲ ನನಗೆ ಬಾಯಿಪಾಠ. ಗೃಹಜ್ಯೋತಿ ಬಂದ ಹೊಸತರಲ್ಲಿ ಬಾಡಿಗೆ ಮನೆಯವರೆಲ್ಲ ತಮಗೆ ಸಿಗುವುದಿಲ್ಲ ಎಂದುಕೊಂಡು ಸುಮ್ಮನಿದ್ದರು. ಹೊಳವನಹಳ್ಳಿ ಕಡೆಯ ಒಬ್ಬ ಹೆಂಗಸಿಗೆ ನಾನೇ ಬೈದಿದ್ದೆ. "ನೀನು ಉರಿಸೋ ಕರೆಂಟು ನಿಂದು ಕಣಮ್ಮ. ಬಿಲ್ಲಿನ ಮೇಲಿರೋ ಆರ್.ಆರ್. ನಂಬರ್ ತಗೊಂಡು, ನಿನ್ನ ಆಧಾರ್ ತಗೊಂಡು ಹೋಗು. ಬಾಡಿಗೆಯವರು ಅಂತ ಬರಸು. ಓನರ್ ಮುಖ ನೋಡ್ತಾ ಕೂತರೆ ಆಗಲ್ಲ." ಹೀಗೆ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ನನ್ನ ಮನೆಯ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ನಾವು ಇದ್ದದ್ದು ಬಸವಲಿಂಗಯ್ಯ ಮೇಷ್ಟ್ರ ಮನೆಯ ಹಿಂದಿನ ಎರಡು ಕೋಣೆಯಲ್ಲಿ. ನಾನು, ನನ್ನ ಗಂಡ ಗಂಗಹನುಮಯ್ಯ, ಕಾಲೇಜಿಗೆ ಹೋಗುವ ಮಗಳು ಸ್ಪಂದನಾ. ಆ ಮನೆ ಸೇರಿ ಹದಿನೆಂಟು ವರ್ಷ. ಮೇಷ್ಟ್ರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತಿಯಾದವರು. ಊರಿನ ಅರ್ಧ ಜನ ಅವರ ಶಿಷ್ಯರು. ಜೋರಾಗಿ ಒಂದು ಮಾತಾಡಿದವರಲ್ಲ. ಮನೆಗೆ ಸೇರುವಾಗ ಕರಾರು ಪತ್ರ ಮಾಡಿಸೋಣವೇ ಎಂದು ಕೇಳಿದ್ದಕ್ಕೆ, "ನಮ್ಮ ನಿಮ್ಮಲ್ಲಿ ಕಾಗದ ಎಲ್ಲ ಯಾಕಮ್ಮ, ನೀನು ಮಗಳಿದ್ದ ಹಾಗೆ" ಎಂದಿದ್ದರು. ಆಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಬಾಡಿಗೆ ಕೊಡುವುದಕ್ಕೂ ಆ ಮನೆಯಲ್ಲಿ ಒಂದು ಪದ್ಧತಿ. ಮೊದಲ ತಿಂಗಳು ದುಡ್ಡು ಹಿಡಿದು ಎದುರಿಗೆ ನಿಂತರೆ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. "ಹೆಣ್ಣುಮಗಳ ಕೈಯಿಂದ ಬಾಡಿಗೆ ಅಂತ ಈಸಿಕೊಳ್ಳೋಕೆ ನನಗಾಗಲ್ಲಮ್ಮ. ದೇವರ ಮನೆ ಹತ್ತಿರ ತಟ್ಟೆ ಇದೆ, ಅದರಲ್ಲಿ ಇಟ್ಟು ಹೋಗು." ಹೊಸ್ತಿಲ ಪಕ್ಕದಲ್ಲಿ ಒಂದು ಹಿತ್ತಾಳೆ ತಟ್ಟೆ, ಅದರಲ್ಲೊಂದು ವಿಭೂತಿ ಗಟ್ಟಿ, ನಾಲ್ಕು ಬಿಲ್ವಪತ್ರೆ. ಪ್ರತಿ ತಿಂಗಳು ಒಂದನೇ ತಾರೀಖು ನೋಟುಗಳನ್ನು ಆ ವಿಭೂತಿ ಗಟ್ಟಿಯ ಕೆಳಗಿಟ್ಟು ಬರುತ್ತಿದ್ದೆ. ಸಂಜೆಯೊಳಗೆ ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ ಅದನ್ನು ತೆಗೆದಿಡುತ್ತಿದ್ದರು. ಯುಗಾದಿ ಹತ್ತಿರ ಬಂದರೆ ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಬಂದು, "ಈ ಸಲದಿಂದ ಸ್ವಲ್ಪ ಜಾಸ್ತಿ ಇಡಬೇಕಂತೆ ಕಣೆ" ಎಂದು ನೆಲ ನೋಡಿಕೊಂಡು ಹೇಳುತ್ತಿದ್ದರು. ಯಾರು ಅಂದರು ಎಂದು ನಾನು ಕೇಳುತ್ತಿರಲಿಲ್ಲ. ಜಾಸ್ತಿ ಇಡುತ್ತಿದ್ದೆ.

ಮೂರು ವರ್ಷದ ಹಿಂದೆ ಮೇಷ್ಟ್ರಿಗೆ ಎಪ್ಪತ್ತೈದು ತುಂಬಿತು. ನಿವೃತ್ತರ ಬಳಗದವರು ಸೇರಿ ಸನ್ಮಾನ ಇಟ್ಟುಕೊಂಡರು. ನಮ್ಮನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ವೃಷಭೇಂದ್ರಪ್ಪ ಎಂಬುವರು ಮೈಕಿನಲ್ಲಿ ಬಿನ್ನವತ್ತಳೆ ಓದಿದರು. ನಡುವೆ ಈ ಮಾತು ಬಂತು: "ನಿರ್ಗತಿಕ ಕುಟುಂಬವೊಂದಕ್ಕೆ ಹದಿನೈದು ವರ್ಷಗಳಿಂದ ಬಿಡಿಗಾಸು ಬಾಡಿಗೆ ಪಡೆಯದೆ ಆಶ್ರಯವಿತ್ತ ಕರುಣಾಳು." ಓದಿ, ನಮ್ಮ ಕಡೆ ಕೈ ತೋರಿಸಿದರು. ಇಡೀ ಸಭೆ ತಿರುಗಿ ನಮ್ಮನ್ನು ನೋಡಿ ಚಪ್ಪಾಳೆ ತಟ್ಟಿತು. ಆ ತಿಂಗಳ ಬಾಡಿಗೆಯ ನೋಟಿಗೆ ಅಂಟಿದ್ದ ವಿಭೂತಿ ನನ್ನ ಬೆರಳಿಂದ ಇನ್ನೂ ಹೋಗಿತ್ತೋ ಇಲ್ಲವೋ. ನನ್ನ ಗಂಡ ಎದ್ದು ನಿಂತು ಕೈ ಮುಗಿದ. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು, ಇಲ್ಲ ಎನ್ನಲಿಲ್ಲ. ನಾನೇನು ಮಾಡಿದೆ ಗೊತ್ತೇ? ನಾನೂ ಚಪ್ಪಾಳೆ ತಟ್ಟಿದೆ. ಅಷ್ಟು ದೊಡ್ಡವರ ಸಭೆಯಲ್ಲಿ ಸುಳ್ಳು ಎಂದು ಹೇಗೆ ಹೇಳುವುದು, ಅವರ ಮರ್ಯಾದೆ ಏನಾಗುತ್ತದೆ ಎಂದುಕೊಂಡೆ. ನನ್ನ ಮರ್ಯಾದೆಯ ಯೋಚನೆ ನನಗೇ ಬರಲಿಲ್ಲ. ಆ ಬಿನ್ನವತ್ತಳೆಗೆ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದರು. ಬಾಡಿಗೆ ಇಡಲು ಹೋದಾಗಲೆಲ್ಲ ಅದರ ಮುಂದೆಯೇ ಹಾದುಹೋಗಬೇಕಿತ್ತು.

ಹೋದ ವರ್ಷ ಮೇಷ್ಟ್ರ ಮಗ ಗೌರೀಶ್ ಬಂದು, ಹಿಂದಿನ ಎರಡು ಕೋಣೆ ಒಡೆದು ಸಿಮೆಂಟಿನ ಗೋಡೌನ್ ಮಾಡುವುದಾಗಿ ಹೇಳಿದ. ಅವನಿಗೆ ಹಾರ್ಡ್‌ವೇರ್ ಅಂಗಡಿ ಇದೆ. "ಅಕ್ಕ, ಅವಸರ ಇಲ್ಲ, ಬರೋ ಯುಗಾದಿ ಕಳೀಲಿ" ಎಂದ. ಅವನೂ ಒಳ್ಳೆಯವನೇ. ನಾನು ಊರೆಲ್ಲ ಸುತ್ತಿದೆ. ಈಗಿನ ಬಾಡಿಗೆ ಕೇಳಿದರೆ ಇಡ್ಲಿ ಮಾರಿ ಮಗಳನ್ನು ಓದಿಸುವ ಮಾತು ಬಿಡಬೇಕು. ಅದೇ ಹೊತ್ತಿಗೆ ಸರ್ಕಾರದಿಂದ ಪ್ರಕಟಣೆ ಬಂತು. ಊರಾಚೆ ಕಟ್ಟಿರುವ ಮನೆಗಳನ್ನು ಸ್ವಂತ ಮನೆಯಿಲ್ಲದೆ ಹತ್ತು ವರ್ಷ ಮೇಲ್ಪಟ್ಟು ಬಾಡಿಗೆಯಲ್ಲಿರುವ ಕುಟುಂಬಗಳಿಗೆ ಕೊಡುತ್ತಾರೆ, ಕಂತಿನಲ್ಲಿ ಕಟ್ಟಿದರೆ ಸಾಕು. ಮೊದಲ ದಿನವೇ ಅರ್ಜಿ ಹಾಕಿದೆ. ಆ ಪಟ್ಟಿಯಲ್ಲಿ ನಮ್ಮ ಹೆಸರು ಬರಬೇಕು, ಇಲ್ಲದಿದ್ದರೆ ಯುಗಾದಿ ಕಳೆದ ಮೇಲೆ ಪಾತ್ರೆ ಪಗಡೆ ಎತ್ತಿಕೊಂಡು ಎಲ್ಲಿ ಹೋಗುವುದೋ ಗೊತ್ತಿಲ್ಲ. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಲಕ್ಷ್ಮಯ್ಯ ಗಾಡಿಯ ಹತ್ತಿರ ಬಂದ. ವಸತಿ ಶಾಖೆಯಲ್ಲಿ ಅಟೆಂಡರು, ಪಾವಗಡದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಇಡ್ಲಿ ಬೇಡ ಎಂದಾಗಲೇ ನನಗೆ ಏನೋ ಆಗಿದೆ ಅನಿಸಿತು.

"ಏಮ್ಮಾ ಸರಸಮ್ಮ, ಲಿಸ್ಟ್ ಹಚ್ಚವ್ರೆ. ನಿನ್ನ ಹೆಸರು ಲೇದು ಕಣಮ್ಮ. ತಿರಸ್ಕೃತದಾಗೆ ಐತೆ."

ಗಾಡಿ ನೋಡಿಕೊಳ್ಳಲು ಅವನಿಗೆ ಹೇಳಿ ಓಡಿದೆ. ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಕಾರಣ ಬರೆದಿತ್ತು: ಅರ್ಜಿದಾರರು ಬಾಡಿಗೆದಾರರಲ್ಲ, ಆಪ್ತರ ಮನೆಯಲ್ಲಿ ಬಾಡಿಗೆಯಿಲ್ಲದೆ ಕುಟುಂಬದವರಂತೆ ವಾಸವಿದ್ದಾರೆ. ಎರಡು ಸಲ ಓದಿದೆ. ಕೈಗೆ ಹತ್ತಿದ್ದ ಇಡ್ಲಿ ಹಿಟ್ಟು ಒಣಗಿ ಬಿಗಿಯುತ್ತಿತ್ತು.

ಸ್ಥಳ ಪರಿಶೀಲನೆ ಮಾಡಿದವನು ಅದೇ ಶಾಖೆಯ ಗುಮಾಸ್ತ ಹಾಲೇಶ್. ದಿನಾ ನನ್ನ ಹತ್ತಿರ ಎರಡು ಇಡ್ಲಿ, ಒಂದು ವಡೆ ತಿನ್ನುವ ಮನುಷ್ಯ. ಅವನ ಮೇಜಿನ ಮುಂದೆ ಹೋಗಿ ನಿಂತೆ.

"ಏನು ಬರದಿದೀರ ಸಾರ್ ಇದು? ನಾನು ಬಾಡಿಗೆಯವಳಲ್ವಾ?"

"ನಾನೇನು ಮಾಡಲಿ ಸರಸಮ್ಮ. ಮನೆ ಹತ್ರ ಬಂದಾಗ ನೀವಿರಲಿಲ್ಲ. ಮೇಷ್ಟ್ರು ಕೂರಿಸಿ ಕಾಫಿ ಕೊಟ್ರು. ಇವರು ಬಾಡಿಗೆಗೆ ಇದಾರಾ ಸಾರ್ ಅಂದೆ. 'ಛೆ, ಬಾಡಿಗೆ ಅಂತ ಎಲ್ಲಪ್ಪ, ಮಗಳಿದ್ದ ಹಾಗೆ, ನಮ್ಮ ಮನೆಯವರೇ' ಅಂದ್ರು. ನನಗೆ ಪಾಠ ಹೇಳಿದ ಮೇಷ್ಟ್ರು. ಅವರ ಮಾತಿನ ಮೇಲೆ ಇನ್ನೊಬ್ಬರನ್ನ ಕೇಳಕ್ಕಾಯ್ತದಾ? ಸಹಿನೂ ಹಾಕವ್ರೆ."

ತೋರಿಸಿದ. ದುಂಡಗಿನ, ಬಲು ಅಂದವಾದ ಸಹಿ.

ನಮ್ಮ ಕಡೆ ಹೀಗೊಂದು ಇದೆ. ಮರ್ಯಾದಸ್ಥ ಮನೆಯವರು ಹೊರಗಿನವರ ಮುಂದೆ "ಬಾಡಿಗೆ ತಗೊಳ್ತೀವಿ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ತಾವು ಸಣ್ಣವರಾದಂತೆ. ಕೇಳುವವರೂ ಅದನ್ನು ನಂಬುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಅದನ್ನು ಸರ್ಕಾರಿ ಕಾಗದಕ್ಕೆ ಇಳಿಸಿದ ಹಾಲೇಶನ ಬುದ್ಧಿಗೆ ಏನು ಹೇಳಬೇಕು? ಬಡವರು ಹತ್ತು ಕಾಗದ ತಂದರೂ ಹನ್ನೊಂದನೆಯದು ಕೇಳುತ್ತಾನೆ, ಮೇಷ್ಟ್ರ ಒಂದು ಉಪಚಾರದ ಮಾತು ಸಾಕಾಯಿತು.

"ಏಳು ದಿನ ಟೈಮ್ ಐತೆ. ಆಕ್ಷೇಪಣೆ ಹಾಕಿ. ಕರಾರು ಪತ್ರ ತನ್ನಿ, ಇಲ್ಲ ರಸೀದಿ ತನ್ನಿ. ಎರಡೂ ಇಲ್ಲ ಅಂದ್ರೆ ಮನೆ ಓನರ್ ಬಂದು ಹೇಳಿಕೆ ಕೊಡಬೇಕು."

ಗೃಹಜ್ಯೋತಿಗೆ ಹಾಕಿದ ಅರ್ಜಿಯಲ್ಲಿ ಬಾಡಿಗೆದಾರರು ಎಂದೇ ಬರೆಸಿದ್ದೇನೆ, ಅದು ಸಾಲದೇ ಎಂದೆ. "ಅದು ನಿಮ್ಮ ಬಗ್ಗೆ ನೀವೇ ಬರಸಿರೋದು. ಓನರ್ ಹೇಳಬೇಕು" ಎಂದು ಕಂಪ್ಯೂಟರಿನ ಕಡೆ ತಿರುಗಿದ.

ಅಲ್ಲೇ ಆಕ್ಷೇಪಣೆ ಬರೆದುಕೊಟ್ಟು ಮನೆಗೆ ಹೋದೆ. ಮೇಷ್ಟ್ರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ವಿಷಯ ಹೇಳಿದಾಗ ಅವರಿಗೆ ನಿಜವಾಗಿ ಬೇಜಾರಾಯಿತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅಯ್ಯೋ, ನಿಮ್ಮ ಒಳ್ಳೇದಕ್ಕೇ ಅಂದಿದ್ದು ಕಣಮ್ಮ. ಹೊರಗಿನವರು ಅಂದುಬಿಟ್ಟರೆ ಅವನು ನಿಮ್ಮನ್ನ ಕೀಳಾಗಿ ನೋಡ್ತಾನೆ ಅಂತ."

"ಆಯ್ತು ಮೇಷ್ಟ್ರೇ. ಈಗ ಒಂದು ಸಾಲು ಬರಕೊಡಿ. ಹದಿನೆಂಟು ವರ್ಷದಿಂದ ಬಾಡಿಗೆ ಕೊಡ್ತಾವ್ರೆ ಅಂತ. ಅಷ್ಟೇ."

ಅವರು ಪೇಪರ್ ಮಡಚಿದರು. ಮತ್ತೆ ಬಿಚ್ಚಿದರು. ಬಾಗಿಲಿನಿಂದ ಹಾಲಿನ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲಿನ ಕಟ್ಟು ಕಾಣುತ್ತಿತ್ತು. ಅವರ ಕಣ್ಣು ಅಲ್ಲಿಗೆ ಹೋಗಿ ಬಂತು.

"ಅದು ಹೇಗಮ್ಮ ಬರೆಯೋದು. ಊರೆಲ್ಲ ಒಂದು ರೀತಿ ತಿಳ್ಕೊಂಡಿದೆ. ಈಗ ನಾನೇ ಸರ್ಕಾರಕ್ಕೆ ಹಾಗೆ ಬರೆದುಕೊಟ್ಟರೆ, ಅವತ್ತು ಸಭೇಲಿ ಓದಿದ್ದು ಸುಳ್ಳು ಅಂತಾಗಲ್ವಾ? ವೃಷಭೇಂದ್ರಪ್ಪನವರಿಗೂ ಅವಮಾನ. ಬೇರೆ ದಾರಿ ನೋಡೋಣ. ಎಂಎಲ್‌ಎ ಕಡೆಯವರಿಗೆ ನಾನು ಒಂದು ಮಾತು ಹೇಳ್ತೀನಿ."

ಕೈಯಲ್ಲಿದ್ದ ಚೀಲ ಅಲ್ಲೇ ಬಿಸಾಡಬೇಕು ಅನ್ನಿಸಿತು. ಬಿಸಾಡಲಿಲ್ಲ. ಹಿಂದೆ ಬಂದು ಗಂಡನಿಗೆ ಹೇಳಿದೆ. ಅವನು ದವಸದ ಮಂಡಿಯಲ್ಲಿ ಮೂಟೆ ಹೊರುವವನು, ನೂರು ಕೆಜಿ ಎತ್ತುತ್ತಾನೆ, ಒಂದು ಮಾತು ಎತ್ತಲಾರ.

"ಬುಡು ಸರಸಿ. ದೊಡ್ಡೋರು. ಮನಸಿಗೆ ನೋವು ಮಾಡಬ್ಯಾಡ. ಕಷ್ಟದಾಗೆ ಜಾಗ ಕೊಟ್ಟವ್ರೆ."

"ಕೊಟ್ಟಿಲ್ಲ ಕಣ್ರೀ. ಬಾಡಿಗೆಗೆ ಕೊಟ್ಟವ್ರೆ. ನೀವು ಹೊತ್ತ ಮೂಟೆ, ನಾನು ಬೇಯ್ಸಿದ ಇಡ್ಲಿ, ಎಲ್ಲ ಆ ತಟ್ಟೆಗೇ ಹೋಗೈತೆ. ನೀವೂ ಇಂಗೆ ಅಂದ್ರೆ ನಾನು ಯಾರತ್ರ ಹೇಳ್ಕೊಳ್ಳಲಿ?"

ಸ್ಪಂದನಾ ಪುಸ್ತಕದ ಹಿಂದೆ ಮುಖ ಇಟ್ಟುಕೊಂಡಿದ್ದಳು.

ಬುಧವಾರ ಒಂದನೇ ತಾರೀಖು. ಸರ್ವಮಂಗಳಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ಮೇಷ್ಟ್ರು ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ನನ್ನ ಗಾಡಿಯಿಂದಲೇ ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವತ್ತೂ ಬಂದರು. ಹಾಲೇಶ್ ತಟ್ಟೆ ಹಿಡಿದು ನಿಂತಿದ್ದ, ಲಕ್ಷ್ಮಯ್ಯ ಇದ್ದ, ಶಿರಾ ಬಸ್ಸಿನಲ್ಲಿ ಬಂದ ಏಳೆಂಟು ಜನ ಇದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು, ಬಾಡಿಗೆಯ ದುಡ್ಡು ತೆಗೆದು, ಎಲ್ಲರ ಎದುರು ಮೇಷ್ಟ್ರ ಮುಂದೆ ಚಾಚಿದೆ.

"ತಗೊಳಿ ಮೇಷ್ಟ್ರೇ. ಈ ತಿಂಗಳ ಬಾಡಿಗೆ."

ಅವರು ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದರು. "ಇಲ್ಲೆಲ್ಲ ಬೇಡಮ್ಮ. ಯಾವಾಗಲೂ ಇಡೋ ಕಡೆ ಇಡು" ಎಂದರು.

ಬಾಯಿಂದ ಬಂದುಬಿಟ್ಟಿತು. ಅಭ್ಯಾಸ. ಹಾಲೇಶನ ಕೈ ಅಲ್ಲೇ ನಿಂತಿತು. ನಾನು ಅವನ ಕಡೆ ತಿರುಗಿದೆ.

"ಕೇಳಿಸ್ಕೊಂಡ್ರಾ ಸಾರ್? ಯಾವಾಗ್ಲೂ ಇಡೋ ಕಡೆಯಂತೆ. ಕೇಳಿ ನಿಮ್ಮ ಮೇಷ್ಟ್ರನ್ನ, ಎಲ್ಲಿಡ್ತೀನಿ, ಏನು ಇಡ್ತೀನಿ ಅಂತ."

ಹಾಲೇಶ್ ಕೇಳಲಿಲ್ಲ. ಮೇಷ್ಟ್ರ ಮುಖ ನೋಡಿದ ಅಷ್ಟೇ. ಮೇಷ್ಟ್ರು ಎಲ್ಲರನ್ನೂ ಒಮ್ಮೆ ನೋಡಿ, ಕ್ಲಾಸಿನಲ್ಲಿ ಮಾತಾಡುವ ಹಾಗೆ ನಿಧಾನವಾಗಿ ಹೇಳಿದರು.

"ಅದು ಬಾಡಿಗೆ ಅಲ್ಲಪ್ಪ. ದೇವರ ತಟ್ಟೆಗೆ ಇಡ್ತಾಳೆ. ಅವಳ ಭಕ್ತಿ. ಕಾಣಿಕೆ."

ಹದಿನೆಂಟು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ರುಬ್ಬಿದ್ದು ಕಾಣಿಕೆಯಂತೆ. ನನ್ನ ಬಾಯಿ ಕಟ್ಟಲಿಲ್ಲ.

"ಕಾಣಿಕೆ ಅಂದ್ರೆ ಮನಸು ಬಂದಾಗ ಹಾಕೋದು ಮೇಷ್ಟ್ರೇ. ಯುಗಾದಿ ಯುಗಾದಿಗೆ ಇಷ್ಟು ಜಾಸ್ತಿ ಮಾಡು ಅಂತ ಯಾವ ದೇವರು ಹೇಳಿಕಳಿಸ್ತಾನೆ? ಸ್ಪಂದನಾಗೆ ಜಾಂಡೀಸ್ ಆಗಿ ಎರಡು ದಿನ ತಡ ಆದಾಗ, ತಟ್ಟೆ ಖಾಲಿ ಐತಂತೆ ಅಂತ ಕೇಳಿಸಿದ್ದು ಯಾವ ದೇವರು?"

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಇಡ್ಲಿ ಪೊಟ್ಟಣ ತಗೊಳ್ಳದೆ ಹೊರಟುಹೋದರು. ಅವರ ಬೆನ್ನು ನೋಡಿ ನನಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು, ಮರುಕ್ಷಣ ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಹಾಲೇಶ್ ಕೈ ತೊಳೆದು ಬಂದು, "ಎಲ್ಲ ಅರ್ಥ ಆಯ್ತದೆ ಸರಸಮ್ಮ. ಆದ್ರೆ ಬಾಯಿಮಾತು ನಡೆಯಲ್ಲ. ಓನರ್ ಹೇಳಿಕೆ ಬೇಕು" ಎಂದ.

ಮಧ್ಯಾಹ್ನ ಮನೆಗೆ ಬಂದರೆ ಮೀಟರ್ ರೀಡಿಂಗಿನವನು ಹಿತ್ತಲಲ್ಲಿ ನಿಂತಿದ್ದ. ನಮ್ಮ ಕೋಣೆಗಳಿಗೆ ಬೇರೆಯೇ ಮೀಟರು. ಯಂತ್ರದಿಂದ ಚೀಟಿ ಹರಿದು ಕೈಗೆ ಕೊಟ್ಟ. ಕಟ್ಟಬೇಕಾದ ಮೊತ್ತ ಸೊನ್ನೆ. ತಿಂಗಳು ತಿಂಗಳು ಬರುವ ಚೀಟಿ, ನಾನು ಸೊನ್ನೆ ನೋಡಿ ಮೊಳೆಗೆ ಚುಚ್ಚಿಬಿಡುತ್ತಿದ್ದೆ. ಅವತ್ತು ಸಿಟ್ಟಿಗೋ ಏನೋ ಮೇಲಿಂದ ಕೆಳಗೆ ಪೂರ್ತಿ ಓದಿದೆ. ಆರ್.ಆರ್. ನಂಬರಿನ ಕೆಳಗೆ ಮಾಲೀಕರ ಹೆಸರು: ಸರ್ವಮಂಗಳಾ.

ಮೊಳೆಯಲ್ಲಿದ್ದ ಅಷ್ಟೂ ಚೀಟಿ ಬಿಚ್ಚಿ ನೋಡಿದೆ. ಎಲ್ಲದರಲ್ಲೂ ಸರ್ವಮಂಗಳಾ. ಗೃಹಜ್ಯೋತಿ ಅರ್ಜಿ ಹಾಕುವಾಗ ಸೈಬರ್ ಹುಡುಗಿಗೆ ಆ ಹೆಸರನ್ನು ನಾನೇ ಓದಿ ಹೇಳಿದ್ದೆ. ಮೇಷ್ಟ್ರ ಮನೆ, ಮೇಷ್ಟ್ರ ಮನೆ ಎಂದು ಊರೆಲ್ಲ ಹೇಳುತ್ತಿದ್ದರಿಂದ ಅದು ತಲೆಗೇ ಹೋಗಿರಲಿಲ್ಲ.

ಮಾರನೆಯ ದಿನ ಚೀಟಿ ಹಿಡಿದು ಹಾಲೇಶನ ಮೇಜಿಗೆ ಹೋದೆ.

"ಓನರ್ ಹೇಳಬೇಕು ಅಂದ್ರಲ್ಲ ಸಾರ್. ಓನರ್‌ನ ಕೇಳಿದೀರಾ?"

ಅವನು ಖಾತೆ ತೆಗೆದು ನೋಡಿದ. ಮನೆ, ಜಾಗ, ಕಂದಾಯ, ಎಲ್ಲ ಸರ್ವಮಂಗಳಮ್ಮನ ಹೆಸರಿನಲ್ಲಿತ್ತು. ಹಾಲೇಶ್ ತಲೆ ಕೆರೆದುಕೊಂಡ. "ಮೇಷ್ಟ್ರ ಮನೆ ಅಂದ್ಮೇಲೆ ಮೇಷ್ಟ್ರದೇ ಅಂದ್ಕೊಂಡೆ. ಸೋಮವಾರ ಮೇಡಂ ಮುಂದೆ ವಿಚಾರಣೆ ಐತೆ. ಅವರು ಬಂದು ಹೇಳಿದ್ರೆ ಆಯ್ತು. ಬರದಿದ್ರೆ ನನ್ನ ಕೈಲಿಲ್ಲ."

ಸರ್ವಮಂಗಳಮ್ಮ ಅಡಿಗೆ ಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರು ಮನೆಯಲ್ಲಿರಲಿಲ್ಲ. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ಅವರ ಬೆರಳು ನಿಲ್ಲಲಿಲ್ಲ.

"ನಮ್ಮಮ್ಮ ಕೊಟ್ಟ ಚಿನ್ನದ ಅವಲಕ್ಕಿ ಸರ ಮಾರಿ ತಗೊಂಡ ಸೈಟು ಕಣೆ ಇದು" ಎಂದರು ಕೊನೆಗೆ. "ಅದಕ್ಕೇ ನನ್ನ ಹೆಸರಿಗೆ ಮಾಡ್ಸಿದ್ರು. ನನಗೇ ಮರೆತು ಹೋಗಿತ್ತು."

"ಸೋಮವಾರ ಬಂದು ಒಂದು ಮಾತು ಹೇಳಿ ಅಮ್ಮ."

"ಅವರ ಎದುರಿಗೆ ನಾನು ಮಾತಾಡಿದ್ದೇ ಇಲ್ಲ. ಐವತ್ತು ವರ್ಷ ಆಯ್ತು."

ನನಗೆ ಅವರ ಮೇಲೂ ರೇಗಿತು. "ತಟ್ಟೆಯಿಂದ ತೆಗೆದಿದ್ದು ಯಾರು? ಹಿತ್ತಲಿಗೆ ಬಂದು ಜಾಸ್ತಿ ಇಡು ಅಂದಿದ್ದು ಯಾರು? ಅದಕ್ಕೆ ಬಾಯಿ ಬರ್ತಿತ್ತು. ಮೈಕಿನಾಗೆ ನಮ್ಮನ್ನ ನಿರ್ಗತಿಕರು ಅಂದಾಗ ನೀವೂ ಅಲ್ಲೇ ಕೂತಿದ್ರಿ. ಚಪ್ಪಾಳೆ ತಟ್ಟಿದ್ರಿ. ನಾನೂ ತಟ್ಟಿದೆ, ಇಲ್ಲ ಅನ್ನಲ್ಲ. ನನ್ನ ತಪ್ಪು ನಾನು ತಿದ್ಕೊಳ್ತಾ ಇವ್ನಿ. ನೀವು?"

ನಾನು ಎದ್ದು ಬಂದೆ. ಮೂರು ದಿನ ಆ ಮನೆಯ ಒಳಗಿನಿಂದ ಒಂದು ಸದ್ದೂ ಕೇಳಲಿಲ್ಲ.

ಸೋಮವಾರ ಹನ್ನೊಂದಕ್ಕೆ ವಿಚಾರಣೆ. ವಸತಿ ಶಾಖೆಯ ಅಧಿಕಾರಿ ಶಿವರಂಜನಿ ಎಂಬ ಮೇಡಂ, ವಯಸ್ಸು ಚಿಕ್ಕದು, ಮಾತು ಕಡಿಮೆ. ನಾನು ಗಂಡನನ್ನು ಎಳೆದುಕೊಂಡು ಹೋಗಿದ್ದೆ. ಹೋದರೆ ಮೇಷ್ಟ್ರು ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಸನ್ಮಾನದ ಶಾಲು.

"ಪಾಪ, ಬಡವರು ಮೇಡಂ" ಎನ್ನುತ್ತಿದ್ದರು. "ಹೇಗಾದರೂ ಮಾಡಿ ಒಂದು ಮನೆ ಕೊಡಿ. ನಾನೇ ಕೇಳಿಕೊಳ್ತಾ ಇದೀನಿ."

"ನೀವು ಇವರಿಂದ ಬಾಡಿಗೆ ತಗೊಳ್ತಿದ್ರಾ?"

"ನಾನು ಕೈಯಿಂದ ಮುಟ್ಟಿಲ್ಲ ಮೇಡಂ."

ಸುಳ್ಳಲ್ಲ ನೋಡಿ. ಹದಿನೆಂಟು ವರ್ಷದಲ್ಲಿ ಒಂದು ನೋಟನ್ನೂ ಅವರು ಕೈಯಿಂದ ಮುಟ್ಟಿರಲಿಲ್ಲ. ಮೇಡಂ ಪೆನ್ನು ಎತ್ತಿದರು. ನನ್ನ ಗಂಡ ನನ್ನ ಸೆರಗು ಜಗ್ಗಿ, "ಹೋಗನ ಬಾ" ಎಂದ. ನಾನು ಬಾಗಿಲ ಕಡೆ ನೋಡುತ್ತಾ ನಿಂತೆ. ಹೊರಗೆ ಆಟೋ ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಲಕ್ಷ್ಮಯ್ಯನ ಭುಜ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಸರ್ವಮಂಗಳಮ್ಮ ಬಂದರು. ಒಬ್ಬರೇ ಆಟೋ ಹತ್ತಿದ್ದು ಅದೇ ಮೊದಲಂತೆ. ಮೇಷ್ಟ್ರು ಎದ್ದು ನಿಂತರು.

"ನೀನ್ಯಾಕೆ ಬಂದೆ? ಮಂಡಿ ನೋವಿಟ್ಕೊಂಡು."

ಅವರು ಗಂಡನ ಕಡೆ ನೋಡಲಿಲ್ಲ. ಮೇಡಂ ಮೇಜಿಗೆ ಕೈಯೂರಿ ನಿಂತರು.

"ಮನೆ ನನ್ನ ಹೆಸರಲ್ಲಿದೆ. ಬಾಡಿಗೆ ನಾನು ತಗೊಂಡಿದೀನಿ. ಪ್ರತಿ ತಿಂಗಳೂ, ದೇವರ ತಟ್ಟೆಯಿಂದ. ಗ್ಯಾಸು, ಔಷಧಿ, ದಿನಸಿ, ಎಲ್ಲ ಆ ದುಡ್ಡಲ್ಲೇ ತಂದಿದೀವಿ. ನಮ್ಮ ಯಜಮಾನರು ಸುಳ್ಳು ಹೇಳೋರಲ್ಲ ಮೇಡಂ. ನಾನು ತೆಗೆದರೆ ಅದು ಬಾಡಿಗೆ ಅಲ್ಲ ಅಂತ ಇವರು ನಂಬಿಬಿಟ್ಟಿದಾರೆ. ಅಷ್ಟೇ."

ಹಾಲೇಶ್ ಕಾಗದ ಮುಂದಿಟ್ಟ. ಸರ್ವಮಂಗಳಮ್ಮ ಕುರ್ಚಿಯಲ್ಲಿ ಕೂತು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಮೇಷ್ಟ್ರ ಸಹಿಯಷ್ಟು ಅಂದವಾಗಿರಲಿಲ್ಲ. ಮೇಡಂ ನನ್ನ ಅರ್ಜಿಯ ಮೇಲಿದ್ದ ಷರಾ ಹೊಡೆದುಹಾಕಿ, ಪಕ್ಕದಲ್ಲಿ ಅರ್ಹರು ಎಂದು ಬರೆದರು. ಹದಿನೈದು ದಿನಕ್ಕೆ ಕೊನೆಯ ಪಟ್ಟಿ ಬಂತು. ಅದರಲ್ಲಿ ನಮ್ಮ ಹೆಸರಿತ್ತು. ನನ್ನ ಗಂಡ ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಮೂರು ಸಲ ಓದಿಸಿಕೊಂಡ.

ಮುಂದಿನ ಒಂದನೇ ತಾರೀಖು ಬಾಡಿಗೆ ಇಡಲು ಹೋದರೆ ಹೊಸ್ತಿಲ ಹತ್ತಿರ ತಟ್ಟೆ ಇರಲಿಲ್ಲ. ಸರ್ವಮಂಗಳಮ್ಮ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈ ಚಾಚಿದರು. ಕೈಗೇ ಕೊಟ್ಟೆ. ಎಣಿಸಿ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ 'ಬಾಡಿಗೆ ಬಂದಿದೆ' ಎಂದು ಬರೆದು ಕೊಟ್ಟರು. ಗೋಡೆಯ ಮೇಲಿನ ಕಟ್ಟು ಹಾಗೇ ಇತ್ತು. ಅದನ್ನು ತೆಗೆಯಲಿ ಎಂದು ನಾನೂ ಕೇಳಲಿಲ್ಲ, ಅದು ಅವರ ಗೋಡೆ. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿದ್ದರು. ಇಡ್ಲಿಗೆ ಗೌರೀಶ್ ಬರುತ್ತಿದ್ದ.

ಯುಗಾದಿಗೆ ಇನ್ನೂ ಎರಡು ವಾರ ಇತ್ತು. ಗೌರೀಶ್ ಗೋಡೌನಿಗೆ ಅಳತೆ ತೆಗೆಯಲು ಇಂಜಿನಿಯರನ್ನು ಕರೆತಂದ. ಮೇಷ್ಟ್ರೂ ಜೊತೆಗೆ ಹಿತ್ತಲಿಗೆ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಆ ಹುಡುಗ ಟೇಪು ಹಿಡಿದುಕೊಂಡು ನನ್ನ ಕಡೆ ನೋಡಿ, "ಇವರು ಯಾರು ಸಾರ್?" ಎಂದು ಮೇಷ್ಟ್ರನ್ನು ಕೇಳಿದ.

"ಇವರು ನಮ್ಮ..." ಎಂದು ಮೇಷ್ಟ್ರು ಶುರುಮಾಡಿದರು.

ನಾನು ತೊಳೆಯುವುದು ನಿಲ್ಲಿಸಿ, ಎದ್ದು, ಅವರ ಮುಖವನ್ನೇ ನೋಡಿದೆ. ಕೈಯಿಂದ ನೀರು ಸೋರುತ್ತಿತ್ತು. ಏನಂತೀರೋ ಅನ್ನಿ, ಈ ಸಲ ನಾನು ಚಪ್ಪಾಳೆ ತಟ್ಟುವುದಿಲ್ಲ ಎಂದುಕೊಂಡೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಬಾಡಿಗೆಯವರು" ಎಂದರು. "ಹದಿನೆಂಟು ವರ್ಷದಿಂದ ಬಾಡಿಗೆಗೆ ಇದಾರೆ."

ಅಷ್ಟು ವರ್ಷದಲ್ಲಿ ಆ ಮನುಷ್ಯ ನನಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ನಾನು ಕೂತು ಉಳಿದ ಪಾತ್ರೆ ತೊಳೆದೆ.